ಹೂಂಗುಟ್ಟುವ ಊರು

ಒಂದು ಊರಿತ್ತಂತೆ. ಊರಿಗೆ ಹೆಸರಿಟ್ಟವರು ಹೆಸರನ್ನೇ ಮರೆತುಬಿಟ್ಟಿದ್ದರಂತೆ, ದಾರಿ ಮಾಡಿದವರು ಹೋಗುವಾಗ ದಾರಿಯನ್ನು ಚಾಪೆಯ ಹಾಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಿದ್ದರಂತೆ. ಆ ಊರಿನಲ್ಲಿ ಒಬ್ಬಳು ಸೊಸೆ ಇದ್ದಳಂತೆ. ಅವಳ ಕಥೆ ಎಂದೋ ಮುಗಿದಿತ್ತಂತೆ, ಆದರೂ ಅವಳನ್ನು ಯಾರೂ ಬಿಡಲಿಲ್ಲವಂತೆ. ನಮ್ಮಜ್ಜಿ ಹೊನ್ನಮ್ಮ ಬದುಕಿದ್ದರೆ ಹೀಗೆ ಶುರು ಮಾಡುತ್ತಿದ್ದಳು. ಒಂದೊಂದು ‘ಅಂತೆ’ಗೂ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು, ನಾನು ‘ಹೂಂ’ ಎಂದ ಮೇಲೆಯೇ ಮುಂದಿನ ಮಾತು. ನನಗೆ ಅವಳಷ್ಟು ತಾಳ್ಮೆಯಿಲ್ಲ. ಆ ಊರು ನಮ್ಮದು. ಆ ಸೊಸೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೊಂದು ವರ್ಷ ಬಾಡಿಗೆಗಿದ್ದ ಶಾಂಭವಕ್ಕ. ಅವಳನ್ನು ಬಿಡದೆ ಹಿಡಿದಿಟ್ಟವರು ಯಾರು ಯಾರೆಂದು ನನಗೆ ಗೊತ್ತು, ಒಬ್ಬರನ್ನೂ ಬಿಡದೆ ಹೇಳುತ್ತೇನೆ.

ನಮ್ಮೂರಿನಲ್ಲಿ ಟಿ.ವಿ.ಯ ಧಾರಾವಾಹಿ ನಡೆಯುವಷ್ಟು ಕಾಲ ಅದರೊಳಗಿನವರು ಊರಿನಲ್ಲೇ ವಾಸ. ಸಂಜೆ ಏಳೂವರೆಗೆ ಒಳಗೆ ಹೋಗುತ್ತಾರೆ, ಎಂಟಕ್ಕೆ ಹೊರಗೆ ಬರುತ್ತಾರೆ, ಬೆಳಗಾದರೆ ನಮ್ಮ ಪಕ್ಕದಲ್ಲೇ ನಿಂತು ಬದನೆಕಾಯಿ ಚೌಕಾಸಿ ಮಾಡುತ್ತಾರೆ. ಒಳಗೆ ಆದದ್ದೆಲ್ಲ ಮೈಮೇಲೆ ಹಾಗೇ ಉಳಿದಿರುತ್ತದೆ. ಅಲ್ಲಿ ಕೈ ಸುಟ್ಟುಕೊಂಡರೆ ಇಲ್ಲಿ ಬೊಬ್ಬೆ ಬರುತ್ತದೆ, ಅಲ್ಲಿ ವಿಷ ಕುಡಿದರೆ ಇಲ್ಲಿ ಎರಡು ದಿನ ಗಂಜಿ. ಕಥೆ ಮುಗಿದ ಸಂಜೆ ಅವರು ಹೊರಟುಹೋಗುತ್ತಾರೆ. ಹೋದವರು ಮತ್ತೆ ಬರುವುದಿಲ್ಲ. ಆದರೆ ಹೋಗುವಾಗ ಅವರ ಮುಖ ನೋಡಿದವರು ಯಾರೂ ಅವರಿಗಾಗಿ ಮರುಗಿದ್ದಿಲ್ಲ. ಹೊಲದ ಕೆಲಸ ಮುಗಿಸಿ ಕಾಲು ತೊಳೆದುಕೊಂಡವರ ಮುಖ ಹಾಗಿರುತ್ತದೆ.

ಕಥೆ ಮುಗಿಸುವುದು ಊರಿನ ಕೈಯಲ್ಲಿ. ಪ್ರತಿ ಕಂತಿನ ಕೊನೆಗೆ ಕಾಣದ ಗಂಡಸಿನ ದನಿಯೊಂದು ‘ಆಮೇಲೆ…’ ಎಂದು ನಿಲ್ಲುತ್ತದೆ. ಆಗ ಊರಿನಲ್ಲಿ ಯಾರಾದರೂ ಹೂಂಗುಟ್ಟಬೇಕು. ಒಬ್ಬರು ‘ಹೂಂ’ ಎಂದರೂ ನಾಳೆ ಇನ್ನೊಂದು ಕಂತು. ಯಾರೂ ಅನ್ನದಿದ್ದರೆ ಅಲ್ಲಿಗೆ ಮುಗಿಯಿತು. ಹಿಂದೆಲ್ಲ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹೊಟ್ಟೆ ತುಂಬಿದವರು ಎಲೆ ಮಡಚುವ ಹಾಗೆ ಒಂದು ಸಂಜೆ ಊರು ತಾನಾಗಿ ಸುಮ್ಮನಾಗುತ್ತಿತ್ತು.

ಶಾಂಭವಕ್ಕನ ಧಾರಾವಾಹಿಯ ಹೆಸರು ‘ಪಚ್ಚೆ ಓಲೆ’. ಅದು ಶುರುವಾದಾಗ ನನಗೆ ಐದು ವರ್ಷ. ಅತ್ತೆಯ ಒಂದು ಕಿವಿಯ ಓಲೆ ಕಾಣೆಯಾಗುತ್ತದೆ, ಬಡವರ ಮನೆಯಿಂದ ಬಂದ ಸೊಸೆಯ ಮೇಲೆ ಅಪವಾದ ಬರುತ್ತದೆ, ಸೊಸೆ ಅಳುವುದಿಲ್ಲ, ಬೇಡುವುದಿಲ್ಲ, ಮನೆಯ ಕೆಲಸ ಮಾಡುತ್ತಲೇ ಒಂದೊಂದಾಗಿ ಮೂಲೆ ಮೂಲೆ ಹುಡುಕುತ್ತಾಳೆ. ಅಷ್ಟೇ ಕಥೆ. ಆದರೆ ಏನು ಕಥೆ! ಆ ವರ್ಷ ನಮ್ಮೂರಿನ ಅತ್ತೆಯಂದಿರು ಮಾತನಾಡುವ ಮುಂಚೆ ಒಮ್ಮೆ ಉಗುಳು ನುಂಗುತ್ತಿದ್ದರು. ಮುನ್ನೂರ ಹದಿನಾಲ್ಕನೆಯ ಕಂತಿನಲ್ಲಿ ಓಲೆ ಅತ್ತೆಯದೇ ಹಳೆಯ ರವಿಕೆಯ ಮಡಿಕೆಯಲ್ಲಿ ಸಿಕ್ಕಿತು. ಸೊಸೆ ಅದನ್ನು ಅತ್ತೆಯ ಕಿವಿಗೆ ಹಾಕಿ, ತಿರುಪು ಬಿಗಿ ಮಾಡಿ, ಒಂದು ಮಾತೂ ಆಡದೆ ಬಾಗಿಲಿಗೆ ಬಂದು ನಿಂತಳು. ಅಲ್ಲಿ ಮುಗಿಯಬೇಕಿತ್ತು. ಆ ಸಂಜೆ ಊರು ಸುಮ್ಮನಾಗಿತ್ತು ಎಂದು ಎಲ್ಲರೂ ಆಣೆ ಮಾಡಿ ಹೇಳುತ್ತಾರೆ. ಆದರೂ ಎಲ್ಲಿಂದಲೋ ಒಂದು ‘ಹೂಂ’ ಹೋಯಿತು. ಮಾರನೆಯ ದಿನ ದನಿ ‘ಆದರೆ’ ಎಂದು ಶುರು ಮಾಡಿತು, ಓಲೆ ನಕಲಿ ಎಂದಿತು, ಆ ‘ಆದರೆ’ಯ ಮೇಲೆ ಇಪ್ಪತ್ತು ವರ್ಷ ನಡೆಯಿತು.

ಆ ಇಪ್ಪತ್ತು ವರ್ಷದಲ್ಲಿ ಶಾಂಭವಕ್ಕನಿಗೆ ಮಾಡದೆ ಉಳಿಸಿದ್ದು ಏನಿದೆ? ಮೂರು ಸಲ ಕೊಂದರು, ಮೂರು ಸಲವೂ ಎಬ್ಬಿಸಿದರು. ಅವಳಂತೆಯೇ ಇರುವ ಇನ್ನೊಬ್ಬಳನ್ನು ತಂದು ಇಬ್ಬರನ್ನೂ ಇವಳ ಕೈಯಲ್ಲೇ ಆಡಿಸಿದರು, ಆ ಆರು ತಿಂಗಳು ಅವಳು ಸಂಜೆ ಬರುವಾಗ ಎರಡು ಪಟ್ಟು ಸುಸ್ತಾಗಿರುತ್ತಿದ್ದಳು. ಗಂಡನ ಮುಖವನ್ನು ನಾಲ್ಕು ಸಲ ಬದಲಾಯಿಸಿದರು. ಮಗ ಬೆಳೆದು ಮೀಸೆ ನರೆತು ನಿಂತರೂ ಅವಳಿಗೆ ಇಪ್ಪತ್ತಾರು ದಾಟಲು ಬಿಡಲಿಲ್ಲ. ಸಣ್ಣ ಮಾತೊಂದು ಬಿದ್ದರೂ ಅವಳು ಗುಡುಗಿನ ಸದ್ದಿಗೆ ಮೂರು ಸಲ ತಿರುಗಿ ನೋಡಬೇಕು. ಕುತ್ತಿಗೆ ಹಿಡಿದುಕೊಂಡು ಮನೆಗೆ ಬರುತ್ತಿದ್ದಳು, ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ಉಜ್ಜುತ್ತಿದ್ದಳು. ಅತ್ತೆಯಾಗಿದ್ದ ಅಂಬುಜಮ್ಮನವರು ಬಳೆ ಅಂಗಡಿಯ ಮಹಡಿಯಲ್ಲಿದ್ದರು, ಮಂಡಿನೋವಿನ ಸಾಧು ಹೆಂಗಸು. ಬೆಳಗ್ಗೆ ಬೆಳಗ್ಗೆ ನಮ್ಮ ಹಿತ್ತಲಿಗೆ ಬಂದು, ನಿನ್ನೆ ಪಾಯಸದಲ್ಲಿ ಹಾಕಿದ್ದು ಜಾಸ್ತಿಯಾಯಿತೇನೋ ತಾಯಿ, ಹೊಟ್ಟೆ ಹೇಗಿದೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ನನ್ನ ಅಮ್ಮ ನನ್ನನ್ನು ಹೆತ್ತ ವಾರಕ್ಕೇ ಹೋದವಳು. ನನ್ನ ತಲೆ ಬಾಚಿದ್ದು, ಮೊದಲ ಸಲ ಸೀರೆ ಉಡಿಸಿ ನೆರಿಗೆ ಹಿಡಿದದ್ದು ಶಾಂಭವಕ್ಕ. ಹಗಲೆಲ್ಲ ಅಜ್ಜಿ ಕಥೆ ಹೇಳುವಾಗ ನನ್ನ ಜೊತೆ ಅವಳೂ ಕೂತು ಕೇಳುತ್ತಿದ್ದಳು, ಪ್ರತಿ ಕಥೆ ಮುಗಿದಾಗಲೂ ಅವಳ ಕಣ್ಣು ತುಂಬುತ್ತಿತ್ತು. ದುಃಖದ ಕಥೆಯೇನೂ ಅಲ್ಲವಲ್ಲ ಎಂದು ನಾನು ಕೇಳಿದರೆ, ಮುಗೀತಲ್ಲ, ಅದಕ್ಕೆ ಎನ್ನುತ್ತಿದ್ದಳು. ಹತ್ತನೆಯ ವರ್ಷವೋ ಏನೋ, ಎರಡನೆಯ ಸಲ ಸತ್ತು ಬಂದ ದಿನ ಅವಳು ಅಜ್ಜಿಯ ಮುಂದೆ ಕೈಯೊಡ್ಡಿದಳು. ಅಜ್ಜಿ ಆ ಅಂಗೈ ಮೇಲೆ ಅಂಗೈ ಇಟ್ಟು, ನಿನ್ನ ಕಥೆ ಮುಗಿಸಿಕೊಡುತ್ತೇನೆ ಎಂದು ಮಾತು ಕೊಟ್ಟಳು. ಅಂದಿನಿಂದ ಅಜ್ಜಿಯ ಬಾಯಿಂದ ಹೂಂ ಬರಲಿಲ್ಲ. ಆದರೆ ನಾನೂರು ಮನೆಯ ಊರಿನಲ್ಲಿ ಒಬ್ಬಳ ಬಾಯಿ ಮುಚ್ಚಿದರೆ ಏನಾಗುತ್ತದೆ? ನಾಲ್ಕು ವರ್ಷದ ಹಿಂದೆ ಅಜ್ಜಿ ಸಾಯುವಾಗ ಆ ಮಾತನ್ನು ನನ್ನ ಅಂಗೈಗೆ ದಾಟಿಸಿದಳು.

ನಾನು ಮೊದಲು ಹೋದದ್ದು ಧಾರಾವಾಹಿ ನಡೆಸುವ ಕಥಾ ಕಚೇರಿಗೆ. ಗುಮಾಸ್ತ ವಾಮನಯ್ಯನವರು ಚಹಾ ತರಿಸಿದರು. ಕಥೆ ಬರೆದವರು ಯಾರು, ಅವರನ್ನು ಕಾಣಬೇಕು ಎಂದೆ. ಅವರು ಮುನ್ನೂರ ಹದಿನಾಲ್ಕರ ಮಾರನೆಯ ದಿನವೇ ಕೊಡೆ ತೆಗೆದುಕೊಂಡು ಹೊರಟುಹೋದರಂತೆ, ಮುಗಿಯಿತಲ್ಲ ಎಂದು ಹೇಳಿ. ಹಾಗಾದರೆ ಈಗ ಬರೆಯುವವರು? ವಾಮನಯ್ಯನವರು ಗೋಡೆಗೊರಗಿದ ಮರದ ಕಪಾಟು ತೋರಿಸಿದರು. ಸಣ್ಣ ಸಣ್ಣ ಖಾನೆಗಳು, ಒಂದೊಂದರ ಮೇಲೂ ಚೀಟಿ: ಬಸಿರು, ವಿಷ, ಅಪಹರಣ, ನೆನಪು ಹೋಗುವುದು, ನೆನಪು ಬರುವುದು, ಆಸ್ಪತ್ರೆಯಲ್ಲಿ ಮಗು ಅದಲುಬದಲು. ವಾರಕ್ಕೊಂದು ಖಾನೆ ಎಳೆಯುತ್ತಾರಂತೆ. ಸರದಿ ತಪ್ಪುವುದಿಲ್ಲ ಎಂದು ಬೇರೆ ಹೆಮ್ಮೆಯಿಂದ ಹೇಳಿದರು. ನಾನು ಚಹಾ ಕೆಳಗಿಟ್ಟೆ. ಅವಳು ಮನುಷ್ಯಳು, ನಮ್ಮ ಮನೆಯಲ್ಲಿ ಇರುವವಳು, ನೀವು ಎಳೆದ ಖಾನೆಯೆಲ್ಲ ಅವಳ ಮೈಮೇಲೆ ಬೀಳುತ್ತದೆ ಎಂದೆ.

“ನೋಡಮ್ಮ,” ಎಂದರು ವಾಮನಯ್ಯನವರು, “ನಾವು ‘ಆಮೇಲೆ’ ಅಂತೀವಿ. ‘ಹೂಂ’ ಅನ್ನೋರು ನೀವು. ಒಂದು ದಿನಾನೂ ನಾವು ಯಾರ ಗಂಟಲಿಗೂ ಕೈ ಹಾಕಿ ಅನ್ನಿಸಿಲ್ಲ.”

ಈ ಮಾತು ನನಗೆ ಇನ್ನಷ್ಟು ಉರಿ ಹಚ್ಚಿತು. ಅಲ್ಲಿಂದ ಎದ್ದವಳು ಮನೆ ಮನೆ ಹತ್ತಿ ಇಳಿದೆ. ಒಂದೇ ಒಂದು ಸಂಜೆ ಸುಮ್ಮನಿರಿ ಎಂದು ಬೇಡಿದೆ. ಕಥೆ ಚೆನ್ನಾಗಿದೆ ಎಂದವರು ಒಬ್ಬರಾದರೂ ಇದ್ದರೆ ಕೇಳಿ! ಕೆಟ್ಟು ಕೆರ ಹಿಡಿದಿದೆ ಎಂದು ಎಲ್ಲರೂ ಬೈದವರೇ. ಬೈದು ಮುಗಿಸಿ ಗಡಿಯಾರ ನೋಡುವವರೇ. ಟೈಲರ್ ಜರೀನಾಬಿಗೆ ಶಾಂಭವಿ ತೋಳಿನ ರವಿಕೆಗೇ ಗಿರಾಕಿಗಳು. ಮಗುವಿಗೆ ಊಟ ಮಾಡಿಸುವವರಿಗೆ ಆ ಹೊತ್ತಿಗೆ ಟಿ.ವಿ. ಬೇಕು. ಸುಮ್ಮನೆ ಹಾಕಿರುತ್ತೇವೆ, ನೋಡುವುದೇ ಇಲ್ಲ ಎಂದವರು ಬಹಳ ಜನ. ನೋಡದ ಕಥೆಗೆ ಹೂಂ ಯಾಕೆ ಎಂದರೆ, ಯಾರೋ ಮಾತಾಡುವಾಗ ಹೂಂ ಅನ್ನದಿದ್ದರೆ ಚೆನ್ನಾಗಿರುತ್ತದೆಯೇ ಎಂದು ನನ್ನನ್ನೇ ಕೇಳಿದರು. ಇಪ್ಪತ್ತು ವರ್ಷ ಒಬ್ಬಳನ್ನು ಸುಲಿದದ್ದು ಇವರ ಮರ್ಯಾದೆ!

ನಿವೃತ್ತ ಸ್ಟೇಷನ್ ಮಾಸ್ತರು ಗುರುಬಸಪ್ಪನವರ ಮನೆಯಲ್ಲಿ ಮಾತ್ರ ನನಗೆ ಬೈಯಲಾಗಲಿಲ್ಲ. ಅವರ ಹೆಂಡತಿ ತೀರಿಹೋಗಿ ಆರು ವರ್ಷ. ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು.

“ಕಥೆ ನಡೀತಿದ್ರೆ ಅವಳು ಬಚ್ಚಲಿಗೆ ಹೋಗಿದಾಳೆ ಅನ್ಸುತ್ತೆ ಕಣಮ್ಮ. ಬಂದು ಮುಂದೇನಾಯ್ತು ಅಂತ ಕೇಳ್ತಾಳೆ, ಹೇಳ್ಬೇಕು. ನಿಂತೋದ್ರೆ ಏನ್ ಹೇಳ್ಲಿ ನಾನು?”

ಬೇಡಿ ಉಪಯೋಗವಿಲ್ಲ ಎಂದು ಉಪಾಯ ಮಾಡಿದೆ. ಪಾಕವನ್ನು ಬೇಕೆಂದೇ ಏರಿಸಿ, ಹಲ್ಲಿಗೆ ಹಲ್ಲು ಅಂಟುವ ಎಳ್ಳುಂಡೆ ಕಟ್ಟಿ, ಏಳೂಮುಕ್ಕಾಲಿಗೆ ತಿನ್ನಿ ಎಂದು ಮನೆ ಮನೆಗೆ ಹಂಚಿದೆ. ಶಾಂಭವಕ್ಕನೂ ಜೊತೆಗೆ ಕೂತು ಉಂಡೆ ಕಟ್ಟಿದಳು, ನಗುತ್ತಲೇ ಕಟ್ಟಿದಳು. ಆ ಸಂಜೆ ಇಡೀ ಊರಿನ ಬಾಯಿ ಬಿಗಿಯಾಗಿ ಅಂಟಿಕೊಂಡಿತು, ನಾನು ಜಗುಲಿಯಲ್ಲಿ ನಿಂತು ಕಿವಿಗೊಟ್ಟೆ. ‘ಆಮೇಲೆ…’ ಎಂದಿತು ದನಿ. ನಾನೂರು ಮನೆಗಳಿಂದ ಕಣಜದ ಗೂಡಿನ ಹಾಗೆ ಸದ್ದೆದ್ದಿತು. ಹೂಂ ಅನ್ನಲು ಬಾಯಿ ಯಾಕೆ ಬೇಕು, ಮೂಗು ಸಾಕು. ಇಷ್ಟು ತಿಳಿಯದ ನಾನು, ಮೂರು ದಿನ ಬಾಣಲೆ ತಿಕ್ಕಿದೆ.

ಅದಾದ ವಾರದಲ್ಲಿ ಕಚೇರಿಯವರು ‘ನೆನಪು ಹೋಗುವುದು’ ಖಾನೆ ಎಳೆದರು. ಎಂಟು ಗಂಟೆಗೆ ಶಾಂಭವಕ್ಕ ನಮ್ಮ ಬಾಗಿಲಲ್ಲಿ ನಿಂತು, ಇದು ಯಾರ ಮನೆ ಎಂದು ಕೇಳಿದಳು. ತಲೆಗೆ ಬಟ್ಟೆ ಕಟ್ಟಿತ್ತು. ಕೈ ಹಿಡಿದು ಒಳಗೆ ಕರೆದುಕೊಂಡರೆ, ನಿಮ್ಮ ಹೆಸರೇನು ಎಂದು ಬಹುವಚನದಲ್ಲಿ ಕೇಳಿದಳು. ನನ್ನ ತಲೆ ಬಾಚಿ ಬೆಳೆಸಿದವಳು ನನ್ನ ಮನೆಯಲ್ಲಿ ನೀರು ಕೇಳಲು ನಾಚಿಕೊಂಡು ಬಾಯಾರಿ ಕೂತಿರುತ್ತಿದ್ದಳು. ಹಾಗೆ ನಲವತ್ತು ದಿನ. ನಲವತ್ತೊಂದನೆಯ ದಿನ ‘ನೆನಪು ಬರುವುದು’ ಎಳೆದರು. ಓಡುತ್ತಾ ಬಂದಳು, “ವೇಣೀ,” ಎಂದು ತಬ್ಬಿಕೊಂಡಳು, ಒಳಗೆ ಹೋಗಿ ಅಡುಗೆಮನೆ, ಹಿತ್ತಲು ಎಲ್ಲ ನೋಡಿ ಬಂದಳು.

“ಅಜ್ಜಿ ಎಲ್ಲೇ?”

ಖಾನೆಯಲ್ಲಿ ಏನು ಕಮ್ಮಿ ಬಿದ್ದಿತ್ತೋ, ಕೊನೆಯ ನಾಲ್ಕು ವರ್ಷ ಅವಳಿಗೆ ವಾಪಸು ಬಂದಿರಲಿಲ್ಲ. ನಾನು ಹೇಳಬೇಕಾಯಿತು. ಹೇಳಿದೆ. ಆಗಷ್ಟೇ ಹೆಣ ಇಳಿಸಿದ ಹಾಗೆ ಅತ್ತಳು. ಒಂದೇ ಸಾವನ್ನು ಒಬ್ಬಳೇ ಹೆಂಗಸಿಗೆ ಎರಡು ಸಲ ತಿಳಿಸಿದವಳು ನಾನು. ಇದಕ್ಕೂ ಕಪಾಟಿನಲ್ಲಿ ಒಂದು ಖಾನೆ ಇದೆಯೇ ಎಂದು ವಾಮನಯ್ಯನವರನ್ನು ಕೇಳಬೇಕು.

ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಕೇರಿಯವರು ಅನ್ನ ತರುತ್ತಾರೆ. ಅಳು ಕೇಳಿಸಿತು, ಅಭ್ಯಾಸದಂತೆ ಬಂದರು. ಜರೀನಾಬಿ ಬುತ್ತಿ ಹಿಡಿದು ಬಂದಳು, ಅಂಬುಜಮ್ಮನವರು ಮಂಡಿ ಹಿಡಿದುಕೊಂಡೇ ತಪ್ಪಲೆ ತಂದರು. ಬಾಗಿಲಿಗೆ ಬಂದವರಿಗೆ ಯಾರ ಸಾವೆಂದು ತಿಳಿದಾಗ ಪಾತ್ರೆ ಎಲ್ಲಿ ಇಳಿಸಬೇಕೆಂದು ತೋಚಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಪಾತ್ರೆಗಳಲ್ಲಿ ಇದೇ ಸಾವಿಗೆ ತಂದಿದ್ದರು. ಗುರುಬಸಪ್ಪನವರು ಅನ್ನದ ಮೇಲೆ ಸಾರಿನ ಲೋಟ ಇಟ್ಟುಕೊಂಡು ಬಹಳ ಹೊತ್ತು ನಿಂತೇ ಇದ್ದರು. ತಮ್ಮ ಹೆಂಡತಿಯ ಸುದ್ದಿಯನ್ನು ಯಾರಾದರೂ ಇನ್ನೊಂದು ಸಲ ಬಂದು ಹೇಳಿದರೆ ಹೇಗಿರುತ್ತದೆ ಎಂದು ನೋಡುತ್ತಿದ್ದರೋ ಏನೋ. ಹೋಗುವಾಗ ನನ್ನ ಹತ್ತಿರ ಬಂದು, ಬಾಯೂ ಮುಚ್ಚುತ್ತೇನೆ, ಮೂಗೂ ಮುಚ್ಚುತ್ತೇನೆ, ದಿನ ಹೇಳಮ್ಮ ಎಂದರು. ಅವರು ಒಪ್ಪಿದ ಮೇಲೆ ಉಳಿದವರಿಗೆ ನೆಪ ಉಳಿಯಲಿಲ್ಲ.

ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದ್ದರಿಂದ ಎಲ್ಲರೂ ಸಂತೆಕಟ್ಟೆಯಲ್ಲಿ ಒಟ್ಟಿಗೆ ಕೂರುವುದೆಂದಾಯಿತು. ಹಾಸಿಗೆ ಹಿಡಿದವರನ್ನೂ ಮಂಚದ ಸಮೇತ ತಂದರು. ಗುರುಬಸಪ್ಪನವರ ಟಿ.ವಿ.ಯನ್ನು ಕಲ್ಲಿನ ಮೇಲಿಟ್ಟರು. ಆ ವಾರದ ಕಥೆ ಏನೆಂದರೆ, ಶಾಂಭವಕ್ಕ ಮನೆ ಬಿಟ್ಟು ಹೊರಡಲು ಹೊಸ್ತಿಲು ದಾಟುತ್ತಿದ್ದಾಳೆ. ಮಂಗಳವಾರ ಎತ್ತಿದ ಬಲಗಾಲು ಗುರುವಾರವಾದರೂ ಕೆಳಗೆ ಬಂದಿರಲಿಲ್ಲ. ಅರ್ಧ ಗಂಟೆ ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸಿದರು, ಗುಡುಗಿಸಿದರು, ಕಾಲು ಹಾಗೇ ಇತ್ತು. ‘ಆಮೇಲೆ…’ ಎಂದಿತು ದನಿ.

ಊರು ಉಸಿರು ಹಿಡಿಯಿತು. ಅಂಥ ಮೌನವನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವಳು ಈಗ ಹೋಗುತ್ತಾಳೆ ಎಂದುಕೊಂಡೆ. ನಾಳೆ ಬೆಳಗ್ಗೆ ಹಿಂದಿನ ಕೋಣೆಯ ಬಾಗಿಲು ತೆರೆದರೆ ಬರೀ ಚಾಪೆ ಎಂದುಕೊಂಡೆ. ಆಗ ಒಂದು ‘ಹೂಂ’ ಕೇಳಿಸಿತು. ನನಗೆ ಸಿಟ್ಟು ನೆತ್ತಿಗೇರಿ, ಯಾವ ಪಾಪಿ ಎಂದು ಎದ್ದು ನಿಂತು ಸುತ್ತ ನೋಡಿದೆ. ಒಬ್ಬರೂ ತಲೆ ತಗ್ಗಿಸಿರಲಿಲ್ಲ. ನಾನೂರು ಮನೆಯವರೂ ನನ್ನನ್ನೇ ನೋಡುತ್ತಿದ್ದರು. ಗುರುಬಸಪ್ಪನವರು ಹಿಡಿದಿದ್ದ ಮೂಗು ಬಿಟ್ಟು, ಕೂತ್ಕೋ ಮಗಳೇ ಎಂದರು.

ಎಂಟಕ್ಕೆ ಶಾಂಭವಕ್ಕ ಕುಂಟುತ್ತಾ ಬಂದಳು. ಮೂರು ದಿನ ಎತ್ತಿ ಹಿಡಿದ ಕಾಲು ಮರಗಟ್ಟಿ ಹೋಗಿತ್ತು. ಜಗುಲಿಯ ಮೇಲೆ ಕೂತು ತಾನೇ ಉಜ್ಜಿಕೊಂಡಳು, ನಾನು ಕೈ ಚಾಚಿದರೆ ಸರಿಸಿದಳು.

“ಯಾರು?”

“ನಾನು.”

ಅವಳು ಇನ್ನಷ್ಟು ಹೊತ್ತು ಕಾಲು ಉಜ್ಜಿಕೊಂಡಳು. ಆಮೇಲೆ, ಈ ಮಾತನ್ನು ಹೇಳಬಾರದು ಎಂದುಕೊಂಡಿದ್ದೆ ಎಂದಳು. ಮುನ್ನೂರ ಹದಿನಾಲ್ಕರ ಸಂಜೆ ಊರೆಲ್ಲ ಸುಮ್ಮನಿದ್ದದ್ದು ನಿಜವಂತೆ. ಆ ದಿನ ನನಗೆ ಜ್ವರ, ಬೆಳಗಿನಿಂದ ಅವಳ ಸೆರಗು ಹಿಡಿದು ಬಿಟ್ಟಿರಲಿಲ್ಲವಂತೆ. ಏಳೂವರೆಗೆ ನನ್ನ ಬೆರಳು ಬಿಡಿಸಿ ಒಳಗೆ ಹೋಗಿದ್ದಳಂತೆ. ಅವಳು ಬರದಿದ್ದರೆ ಕೂಸು ಉಳಿಯುವುದಿಲ್ಲ ಎಂದು ಅಜ್ಜಿ ಒಬ್ಬಳೇ, ಒಂದೇ ಒಂದು ಸಲ, ಹೂಂ ಎಂದಳಂತೆ. ಎರಡು ದಿನ ಸಾಕು, ಜ್ವರ ಬಿಡಲಿ ಎಂದುಕೊಂಡಿದ್ದಳಂತೆ. ಅಜ್ಜಿಯ ‘ಹೂಂ’ ಹಿಡಿದು ಮಾರನೆಯ ದಿನ ಊರೇ ಹೂಂಗುಟ್ಟಿತು.

ಇಷ್ಟು ದಿನ ಕಚೇರಿಯ ಮೇಲೆ, ಊರಿನ ಮೇಲೆ ಹರಿಹಾಯ್ದ ನನ್ನ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ. ಆದರೂ ಇದನ್ನು ಬರೆದಿಡುತ್ತೇನೆ: ಮೊದಲ ಹೂಂ ನಮ್ಮ ಮನೆಯದು, ಕೊನೆಯದೂ ನಮ್ಮದು, ಅದಕ್ಕೆ ನಾನು ತಲೆ ಬಾಗುತ್ತೇನೆ. ನಡುವಿನ ಐದು ಸಾವಿರಕ್ಕೆ ಊರು ಜವಾಬು ಕೊಡಲಿ, ಆ ಕಪಾಟಿಗೆ ಕಚೇರಿ ಜವಾಬು ಕೊಡಲಿ.

“ನೀನು ಹೋದ್ಮೇಲೆ ನಾನು ಯಾರ ಹತ್ರ ಕೂತ್ಕೊಳ್ಳಲಿ ಅಕ್ಕ?” ಎಂದೆ.

“ಯಾರ ಹತ್ರಾನೂ ಕೂತ್ಕೋಬೇಡ. ಕೂತು ಕೂತೇ ಈ ಊರು ಹಾಳಾಗಿದ್ದು. ಎದ್ದು ಓಡಾಡು,” ಎಂದಳು. ಕಾಲು ಚಾಚಿ ನನ್ನ ತೊಡೆಯ ಮೇಲಿಟ್ಟಳು. “ಈಗ ಉಜ್ಜು. ನಾಳೆ ಮಾತ್ರ ಅನ್ನಬೇಡ ಕಣೇ.”

ಮಾರನೆಯ ದಿನ ಶುಕ್ರವಾರ. ಬೆಳಗ್ಗೆ ಅವಳು ಕೋಣೆ ಗುಡಿಸಿದಳು, ಅಂಬುಜಮ್ಮನವರ ಜೊತೆ ಕೂತು ಕಾಫಿ ಕುಡಿದಳು, ಇಬ್ಬರೂ ಏನೋ ಹೇಳಿಕೊಂಡು ನಕ್ಕರು. ಏಳೂ ಇಪ್ಪತ್ತಕ್ಕೆ ನನ್ನ ಕೆನ್ನೆ ಹಿಂಡಿ ಹೋದಳು. ನಾನು ಸಂತೆಕಟ್ಟೆಯಲ್ಲಿ ಎಲ್ಲರಿಗಿಂತ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಕೂತೆ. ಕಾಲು ಹೊಸ್ತಿಲ ಮೇಲೆ ಎತ್ತಿದಂತೆಯೇ ಇತ್ತು. ಮುಖಗಳು ಬಂದವು, ಹೋದವು, ಗುಡುಗಿತು. ನಾನು ಆ ಹೆಬ್ಬೆರಳನ್ನೇ ನೋಡುತ್ತಿದ್ದೆ, ಅದು ಸಣ್ಣಗೆ ನಡುಗುತ್ತಿತ್ತು.

‘ಆಮೇಲೆ…’ ಎಂದಿತು ದನಿ.

ನನ್ನ ಗಂಟಲಿನಲ್ಲಿ ‘ಹೂಂ’ ಮೇಲೆ ಬಂತು. ನುಂಗಿದೆ. ಮತ್ತೆ ಬಂತು, ಮತ್ತೆ ನುಂಗಿದೆ. ಹಿಂದೆ ಒಂದು ಮಗು ಬಿಕ್ಕಳಿಸಿತು, ತಾಯಿ ಅದರ ಬೆನ್ನು ಸವರಿದಳು. ‘ಆಮೇಲೆ?’ ಎಂದಿತು ದನಿ ಎರಡನೆಯ ಸಲ. ಹಾಗೆ ಕೇಳಿದ್ದು ಅದು ಎಂದೂ ಇಲ್ಲ. ಬಾಗಿಲಲ್ಲಿ ನಿಂತು ಸಾಲ ಕೇಳುವವನ ದನಿಯಂತಿತ್ತು. ಇಪ್ಪತ್ತು ವರ್ಷದ ಮರ್ಯಾದಸ್ಥ ಊರು ಅದರ ಮುಖ ನೋಡಿಕೊಂಡೇ ಸುಮ್ಮನಿತ್ತು. ನಾನೂ ಸುಮ್ಮನಿದ್ದೆ. ಮೂರನೆಯ ಸಲ ದನಿ ಕೇಳಲಿಲ್ಲ.

ಕಾಲು ಕೆಳಗೆ ಬಂತು. ಹೊಸ್ತಿಲಿನ ಆಚೆಗೆ ಬಂತು. ಅವಳು ಆ ಕಾಲಿನ ಮೇಲೆ ಭಾರ ಬಿಟ್ಟು ನೋಡಿದಳು, ಇನ್ನೊಂದನ್ನೂ ಎಳೆದುಕೊಂಡಳು, ಸೆರಗು ಸರಿಮಾಡಿಕೊಂಡು ನಡೆದಳು. ಮೂರು ಸಲ ಇರಲಿ, ಒಂದು ಸಲವೂ ತಿರುಗಿ ನೋಡಲಿಲ್ಲ. ಟಿ.ವಿ.ಯಲ್ಲಿ ಬರೀ ಬಾಗಿಲು ಉಳಿಯಿತು. ಯಾರೂ ಏಳಲಿಲ್ಲ. ಗುರುಬಸಪ್ಪನವರು ಎದ್ದು, ನಿಧಾನವಾಗಿ ಕಲ್ಲಿನ ಹತ್ತಿರ ಹೋಗಿ, ಅದನ್ನು ಆರಿಸಿದರು.